ಲಾರಿ ಡ್ರೈವರ್ ಆಗಬೇಕು, ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹೊಸ_ಸ್ಟೇರಿಂಗ್
ಎಲ್ಲರಿಗೂ ನಮಸ್ಕಾರ. ವಯಸ್ಸು 27. ಕಾರು ಓಡಿಸುತ್ತೇನೆ, ಚೆನ್ನಾಗಿಯೇ ಓಡಿಸುತ್ತೇನೆ. ಈಗಿರುವುದು ಕುರ್ಚಿಯಲ್ಲಿ ಕೂತು ಮಾಡುವ ಕೆಲಸ, ಸಾಕಾಗಿದೆ. ಲಾರಿ ಓಡಿಸುವ ಕೆಲಸಕ್ಕೆ ಸೇರಬೇಕು ಅಂತಿದ್ದೇನೆ. ಮನೆಯಲ್ಲಿ ಈ ಕೆಲಸ ಮಾಡಿದವರು ಯಾರೂ ಇಲ್ಲ. ಏರ್ ಬ್ರೇಕ್ ಅಂದ್ರೆ ಏನು ಅಂತಲೂ ಗೊತ್ತಿಲ್ಲ. ಲೈಸನ್ಸ್ ಮೊದಲಾ, ಕೆಲಸ ಮೊದಲಾ? ತರಬೇತಿ ಶಾಲೆಗೆ ದುಡ್ಡು ಕಟ್ಟಬೇಕಾ, ಇಲ್ಲ ಹಳಬರ ಜೊತೆ ಹೋಗಿ ಕಲಿಯಬೇಕಾ? ಹೆದರಿಸುವವರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ವಿಷಯ ಹೇಳುವವರು ಇನ್ನೂ ಸಿಕ್ಕಿಲ್ಲ.

ಹಿಂದಿನ_ಚಕ್ರ
ಕಾರು ಚೆನ್ನಾಗಿ ಓಡಿಸುತ್ತೇನೆ ಅಂದಿರಲ್ಲ, ಮೊದಲು ಅದನ್ನು ಮರೆಯಿರಿ ಸರ್.

ಹಳೇ_ಲಾರಿ
ತಮಾಷೆಗೆ ಹೇಳಿದರೂ ಮಾತು ನಿಜ. ರಸ್ತೆ ನಿಯಮ, ಎದುರಿನವರ ಅಂದಾಜು, ಇಂಡಿಕೇಟರ್ ಹಾಕುವ ಅಭ್ಯಾಸ, ಇವೆಲ್ಲ ಕಾರಿನಿಂದ ಬರುತ್ತವೆ. ಗಾಡಿಯ ಅಳತೆ ಬರುವುದಿಲ್ಲ. ಲಾರಿ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರ ಹೋದ ಜಾಡಿನಲ್ಲೇ ಬರುವುದಿಲ್ಲ. ಒಳಗೆ ಕತ್ತರಿಸಿಕೊಂಡು ಬರುತ್ತವೆ. ಗಾಡಿ ಉದ್ದ ಇದ್ದಷ್ಟೂ ಜಾಸ್ತಿ ಕತ್ತರಿಸುತ್ತವೆ. ಹೊಸಬರು ಕಾರಿನ ಅಂದಾಜಿನಲ್ಲಿ ಸ್ಟೇರಿಂಗ್ ಬೇಗ ಎಳೆದುಬಿಡುತ್ತಾರೆ. ಕ್ಯಾಬಿನ್ ಆರಾಮಾಗಿ ದಾಟಿರುತ್ತದೆ, ಹಿಂದಿನ ಟೈರು ಮೂಲೆಯ ಕಂಬವನ್ನೋ ಅಲ್ಲಿ ನಿಂತ ಬೈಕನ್ನೋ ಹಿಡಿದಿರುತ್ತದೆ. ಅದೇ ಹೊತ್ತಿಗೆ ಹಿಂದಿನ ಚಕ್ರದಾಚೆ ಚಾಚಿರುವ ಬಾಡಿ ಇನ್ನೊಂದು ಬದಿಗೆ ಬೀಸುತ್ತದೆ. ಒಂದು ಕನ್ನಡಿ ನೋಡಿ ಮುಗಿಸುವ ಹಾಗಿಲ್ಲ.

ಇನ್ನು ನಿಲ್ಲಿಸುವ ವಿಷಯ. ಅಮೆರಿಕದ ಲಾರಿ ಲೈಸನ್ಸ್ ಕೈಪಿಡಿಯಲ್ಲಿ ಒಂದು ಲೆಕ್ಕ ಇದೆ. ಗಂಟೆಗೆ 88 ಕಿ.ಮೀ. ವೇಗ, ಒಣ ರಸ್ತೆ, ಬ್ರೇಕ್ ಸರಿಯಾಗಿದೆ. ಆದರೂ ಅಪಾಯ ಕಣ್ಣಿಗೆ ಬಿದ್ದಲ್ಲಿಂದ ಗಾಡಿ ನಿಲ್ಲುವ ತನಕ ಸುಮಾರು 128 ಮೀಟರ್ ಬೇಕು. ಅದರಲ್ಲಿ 60 ಮೀಟರಿಗೂ ಜಾಸ್ತಿ ದೂರ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಮುಗಿದಿರುತ್ತದೆ. ಮುಂದಿನ ಗಾಡಿಗೂ ನಿಮಗೂ ನಡುವೆ ಜಾಗ ಬಿಡಿ ಎಂದು ನಾವು ಬಡಿದುಕೊಳ್ಳುವುದು ಇದಕ್ಕೇ. ಬಿಟ್ಟ ಜಾಗಕ್ಕೆ ಕಾರಿನವರು ಬಂದು ತೂರಿಕೊಳ್ಳುತ್ತಾರೆ. ತೂರಲಿ. ಮತ್ತೆ ಜಾಗ ಬಿಡಿ. ಸಿಟ್ಟು ಮಾಡಿಕೊಳ್ಳುವವರಿಗೆ ಈ ಕೆಲಸ ಆಗುವುದಿಲ್ಲ.

ನನ್ನ ಸಲಹೆ ಒಂದೇ. ಶಾಲೆ, ಲೈಸನ್ಸ್ ಅಂತ ದುಡ್ಡು ಹಾಕುವ ಮೊದಲು, ಮಾಲೀಕರ ಒಪ್ಪಿಗೆ ಕೇಳಿ, ವಿಮೆಯ ಮಾತು ಸರಿಯಾಗಿ ಆಡಿಕೊಂಡು, ಒಂದು ಉದ್ದದ ಟ್ರಿಪ್ ಪಕ್ಕದ ಸೀಟಿನಲ್ಲಿ ಕೂತು ಹೋಗಿಬನ್ನಿ. ಲೋಡಿಂಗ್ ಜಾಗದಲ್ಲಿ ಸರದಿ ಬರುವ ತನಕ ಸುಮ್ನೆ ಕಾಯುವುದು ಹೇಗಿರುತ್ತದೆ, ಕ್ಯಾಬಿನ್ನಿನಲ್ಲಿ ನಿದ್ದೆ ಬರುತ್ತದಾ, ಎರಡು ದಿನ ಯಾರ ಜೊತೆಗೂ ಮಾತಿಲ್ಲದೆ ಇರಲು ಆಗುತ್ತದಾ ನೋಡಿಕೊಳ್ಳಿ. ಬಿಟ್ಟುಹೋಗುವ ಹೊಸಬರು ಸ್ಟೇರಿಂಗಿಗೆ ಹೆದರಿ ಹೋಗುವುದು ಕಡಿಮೆ. ಕಾದು ಕಾದು ಬೇಜಾರಾಗಿ ಹೋಗುತ್ತಾರೆ.

ಕಾಯ್ದೆ_ಪುಸ್ತಕ
ಲೈಸನ್ಸ್ ಮೊದಲು. ಅದಿಲ್ಲದೆ ಗಾಡಿ ಮುಟ್ಟಿದರೆ ಅಪಘಾತವಾದಾಗ ವಿಮೆಯವರು ಕೈ ಎತ್ತುತ್ತಾರೆ. ಎಲ್ಲಿ ಓಡಿಸುತ್ತೀರೋ ಅಲ್ಲಿನ ನಿಯಮ ನೋಡಬೇಕು.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಸಾರಿಗೆ ವಾಹನದ ಎಲ್‌ಎಲ್ (ಕಲಿಯುವವರ ಲೈಸನ್ಸ್) ಕೊಡಬೇಕಾದರೆ ಹಗುರ ವಾಹನದ ಲೈಸನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು. 8ನೇ ತರಗತಿ ಓದಿರಬೇಕು ಎಂಬ ಷರತ್ತನ್ನು 2019ರಲ್ಲಿ ತೆಗೆದರು. ನವೆಂಬರ್ 2024ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇನ್ನೊಂದು ಮಾತು ಹೇಳಿದೆ: ಒಟ್ಟು ತೂಕ 7500 ಕಿಲೋ ಮೀರದ ಸರಕು ಗಾಡಿಯನ್ನು ಹಗುರ ವಾಹನದ ಲೈಸನ್ಸಿನಲ್ಲೇ ಓಡಿಸಬಹುದು. ಅಂದ್ರೆ ಸಣ್ಣ ಗಾಡಿಯಲ್ಲಿ ದುಡಿಯುತ್ತಲೇ ದೊಡ್ಡದಕ್ಕೆ ತಯಾರಾಗುವ ದಾರಿ ಇದೆ.

ಅಮೆರಿಕದಲ್ಲಿ ರಾಜ್ಯದೊಳಗೆ ಓಡಿಸಲು 18, ರಾಜ್ಯ ದಾಟಿಸಲು 21 ವರ್ಷ. 2022ರ ಫೆಬ್ರವರಿ 7ರಿಂದ ಹೊಸಬರು ನೋಂದಾಯಿತ ತರಬೇತುದಾರರ ಬಳಿ ಪಾಠ ಮುಗಿಸದೆ ಡ್ರೈವಿಂಗ್ ಪರೀಕ್ಷೆಗೆ ಹೋಗುವಂತಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಲೈಸನ್ಸಿನ ಜೊತೆಗೆ ವೃತ್ತಿ ಪ್ರಮಾಣಪತ್ರವೂ ಬೇಕು, ಪ್ರತಿ 5 ವರ್ಷಕ್ಕೆ 35 ಗಂಟೆ ಮತ್ತೆ ಪಾಠಕ್ಕೆ ಕೂರಬೇಕು. ಕಣ್ಣು, ಬಿಪಿ, ಸಕ್ಕರೆ ಕಾಯಿಲೆ ಇವುಗಳ ತಪಾಸಣೆಯನ್ನು ದುಡ್ಡು ಕಟ್ಟುವ ಮೊದಲೇ ಮಾಡಿಸಿಕೊಳ್ಳಿ. ಬಣ್ಣ ಗುರುತಿಸುವ ತೊಂದರೆ ಇರುವುದು ಎಷ್ಟೋ ಜನರಿಗೆ ಪರೀಕ್ಷೆಗೆ ಹೋದ ಮೇಲೇ ತಿಳಿಯುತ್ತದೆ.

ಗೇರ್_ಬಾಕ್ಸ್
ಶಾಲೆಗೆ ಯಾಕೆ ದುಡ್ಡು? ನಮ್ಮ ತಲೆಮಾರಿನವರೆಲ್ಲ ಕ್ಲೀನರ್ ಆಗಿ ಹತ್ತಿದವರೇ. ಟೈರು ಬಿಚ್ಚಿದೆವು, ಟಾರ್ಪಾಲು ಕಟ್ಟಿದೆವು, ಗ್ರೀಸ್ ಹೊಡೆದೆವು, ಗಾಡಿಯ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಅಂತ ಹೇಳುವುದು ಕಲಿತೆವು. ಈಗಿನ ಶಾಲೆಯ ಹುಡುಗರಿಗೆ ಸ್ಟೆಪ್ನಿ ಇಳಿಸಲು ಬರುವುದಿಲ್ಲ.

ಬ್ರೇಕ್_ಮೇಷ್ಟ್ರು
ನಾನು ಪಾಠ ಹೇಳುವವನು, ಆದ್ದರಿಂದ ಪಕ್ಷಪಾತ ಇದ್ದೇ ಇರುತ್ತದೆ ಅಂದುಕೊಳ್ಳಿ. ಕ್ಲೀನರ್ ಆಗಿ ಕಲಿತವರಿಗೆ ಗಾಡಿ ಗೊತ್ತಿರುತ್ತದೆ, ಒಪ್ಪಿದೆ. ಆದರೆ ಗುರುವಿನ ಕೆಟ್ಟ ಅಭ್ಯಾಸವೂ ಅದರ ಜೊತೆಗೇ ಇಳಿದು ಬರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿಸುವವರನ್ನು ಕೇಳಿ, ಯಾರಿಂದ ಕಲಿತಿರಿ ಅಂತ.

ಸಾಧ್ಯವಾದರೆ ಎರಡೂ ಬೇಕು. ಶಾಲೆಗೆ ಹೋಗುವ ಮೊದಲು ಅಲ್ಲಿ ಮೂರು ಪ್ರಶ್ನೆ ಕೇಳಿ. ಒಂದು, ನಾನು ಖುದ್ದು ಸ್ಟೇರಿಂಗ್ ಹಿಡಿಯುವುದು ಎಷ್ಟು ಗಂಟೆ? ನಾಲ್ಕು ಜನರನ್ನು ಕ್ಯಾಬಿನ್ನಿಗೆ ತುಂಬಿಕೊಂಡು ಒಬ್ಬರಿಗೆ ಹತ್ತು ನಿಮಿಷ ಕೊಟ್ಟು ಇಡೀ ದಿನದ ಲೆಕ್ಕ ಹಾಕುವ ಶಾಲೆಗಳಿವೆ. ಎರಡು, ಲೋಡು ಇರುವ ಗಾಡಿಯಲ್ಲಿ ಕಲಿಸುತ್ತೀರಾ? ಖಾಲಿ ಲಾರಿಯಲ್ಲಿ ಕಲಿತವನಿಗೆ ಲೋಡಾದ ಲಾರಿ ಬೇರೆಯೇ ಗಾಡಿ. ಮೂರು, ರಿವರ್ಸಿಗೆ ಬೇರೆ ಜಾಗ ಇದೆಯಾ?

ಹೊಸ_ಸ್ಟೇರಿಂಗ್
ಬಹಳ ಉಪಯೋಗವಾಯಿತು ಸರ್. ಏರ್ ಬ್ರೇಕ್ ಅಂದ್ರೆ ಏನು ಅಂತ ಯಾರಾದರೂ ನನಗೆ ಅರ್ಥವಾಗುವ ಹಾಗೆ ಹೇಳುತ್ತೀರಾ?

ಬ್ರೇಕ್_ಮೇಷ್ಟ್ರು
ಹೇಳುತ್ತೇನೆ, ಉದ್ದ ಆಗುತ್ತದೆ.

ಇಂಜಿನ್ ಒಂದು ಕಂಪ್ರೆಸರ್ ಓಡಿಸುತ್ತದೆ. ಅದು ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ. ನೀವು ಪೆಡಲ್ ಒತ್ತಿದಾಗ ಆ ಗಾಳಿ ಹೋಗಿ ಚಕ್ರದ ಬಳಿ ಬ್ರೇಕ್ ಹಿಡಿಸುತ್ತದೆ. ಕಾರಿನ ಆಯಿಲ್ ಬ್ರೇಕಿನಲ್ಲಿ ಒತ್ತಿದ ತಕ್ಷಣ ಹಿಡಿಯುತ್ತದೆ. ಇಲ್ಲಿ ಗಾಳಿ ಪೈಪಿನಲ್ಲಿ ಹೋಗಿ ಮುಟ್ಟಲು ಅರ್ಧ ಸೆಕೆಂಡಿನಷ್ಟು ಬೇಕು. ವೇಗದಲ್ಲಿ ಅರ್ಧ ಸೆಕೆಂಡ್ ಅಂದ್ರೆ ಹತ್ತಾರು ಅಡಿ ದೂರ.

ಪಾರ್ಕಿಂಗ್ ಬ್ರೇಕಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅದರೊಳಗೆ ಗಟ್ಟಿ ಸ್ಪ್ರಿಂಗ್ ಇದೆ. ಸ್ಪ್ರಿಂಗ್ ಯಾವಾಗಲೂ ಬ್ರೇಕ್ ಹಿಡಿಯಲು ನೋಡುತ್ತದೆ, ಗಾಳಿ ಅದನ್ನು ಅದುಮಿ ಇಟ್ಟಿರುತ್ತದೆ. ಗಾಳಿ ಪೂರ್ತಿ ಇಳಿದುಹೋದರೆ ಸ್ಪ್ರಿಂಗ್ ಗೆದ್ದು ಚಕ್ರ ಕಚ್ಚಿಕೊಳ್ಳುತ್ತದೆ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಕದಲದೇ ಇರುವುದು ಇದರಿಂದಲೇ. ಗೇಜಿನ ಮುಳ್ಳು ಏರಲಿ ಎಂದು ಕಾಯಬೇಕು. ಸಾಮಾನ್ಯವಾಗಿ ಗಾಳಿಯ ಒತ್ತಡ 4 ಬಾರ್ ಆಸುಪಾಸಿಗೆ ಇಳಿದರೆ ಬಜರ್ ಕೂಗುತ್ತದೆ, ಕೆಂಪು ದೀಪ ಹತ್ತುತ್ತದೆ. ಕೂಗಿದರೆ ಮೊದಲು ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿ. ಮುಂದಿನ ಬಂಕಿನಲ್ಲಿ ನೋಡೋಣ ಅನ್ನುವ ಹಾಗಿಲ್ಲ, ಅಲ್ಲಿಗೆ ತಲುಪುವ ಮೊದಲೇ ಸ್ಪ್ರಿಂಗ್ ತಾನೇ ಬ್ರೇಕ್ ಹಾಕಿಬಿಡಬಹುದು.

ಒತ್ತಿದ ಗಾಳಿ ತಣ್ಣಗಾದಾಗ ಅದರಲ್ಲಿನ ತೇವ ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಕೆಳಗಿರುವ ವಾಲ್ವ್ ಎಳೆದು ಅದನ್ನು ಬಿಡಬೇಕು. ಹೊಸ ಗಾಡಿಗಳಲ್ಲಿ ತೇವ ಹೀರುವ ಡ್ರೈಯರ್ ಇರುತ್ತದೆ. ಆದರೂ ಎಳೆದು ನೋಡಿ. ಎಣ್ಣೆ ಬೆರೆತ ನೀರು ಬಂದರೆ ಕಂಪ್ರೆಸರ್ ಸವೆಯುತ್ತಿರಬಹುದು, ಮೆಕ್ಯಾನಿಕ್‌ಗೆ ಹೇಳಿ.

ಇಳಿಜಾರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ ಕಾದು ಹಿಗ್ಗುತ್ತದೆ, ಅದನ್ನು ಉಜ್ಜಿ ಹಿಡಿಯುವ ಲೈನರಿನಿಂದ ದೂರ ಸರಿಯುತ್ತದೆ. ಕಾದ ಲೈನರಿನ ಹಿಡಿತವೂ ಹೋಗುತ್ತದೆ. ಗೇಜಿನಲ್ಲಿ ಗಾಳಿ ಪೂರ್ತಿ ಇದೆ, ಪೆಡಲ್ ಪೂರ್ತಿ ಒತ್ತಿದ್ದೀರಿ, ಗಾಡಿ ನಿಲ್ಲುವುದಿಲ್ಲ. ಆಗ ಹ್ಯಾಂಡ್‌ಬ್ರೇಕ್ ಎಳೆದೂ ಪ್ರಯೋಜನ ಕಮ್ಮಿ, ಅದು ಹಿಡಿಯುವುದೂ ಅದೇ ಕಾದ ಡ್ರಮ್ಮನ್ನೇ. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ವೇಗ ಏರಿದ ಮೇಲೆ ಇಳಿಸಲು ಹೋದರೆ ಗೇರ್ ಬೀಳದೆ ನ್ಯೂಟ್ರಲ್‌ನಲ್ಲೇ ಉಳಿದುಬಿಡಬಹುದು. ಇಂಜಿನ್ನೇ ಗಾಡಿಯನ್ನು ಹಿಡಿದಿರಬೇಕು, ಎಕ್ಸಾಸ್ಟ್ ಬ್ರೇಕ್ (ಹೊಗೆ ಹೋಗುವ ದಾರಿ ತಡೆದು ಇಂಜಿನ್ನಿನಿಂದಲೇ ಗಾಡಿ ನಿಧಾನ ಮಾಡುವುದು) ಇದ್ದರೆ ಬಳಸಿ. ಅಷ್ಟಾಗಿಯೂ ನೀವು ಅಂದುಕೊಂಡ ವೇಗ ಮುಟ್ಟಿದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಆ ವೇಗಕ್ಕಿಂತ ಗಂಟೆಗೆ 8 ಕಿ.ಮೀ.ಯಷ್ಟು ಕಮ್ಮಿ ಮಾಡಿ, ಪೂರ್ತಿ ಬಿಡಿ. ಮತ್ತೆ ಏರಿದಾಗ ಮತ್ತೆ ಒತ್ತಿ. ಬಿಟ್ಟಾಗ ಡ್ರಮ್ಮಿಗೆ ಆರಲು ಸಮಯ ಸಿಗುತ್ತದೆ.

ಡೀಸೆಲ್_ಉಳಿಕೆ
ಮೇಷ್ಟ್ರೇ, ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ. ಎಲ್ಲರೂ ಮಾಡುತ್ತಾರೆ. ಮೈಲೇಜ್ ಕಮ್ಮಿ ಬಂದರೆ ಓನರ್ ನಿಮ್ಮ ಪಾಠ ಕೇಳುತ್ತಾನಾ?

ಬ್ರೇಕ್_ಮೇಷ್ಟ್ರು
ಉಳಿಯುವುದಿಲ್ಲ ಗುರು. ಈಗಿನ ಎಲೆಕ್ಟ್ರಾನಿಕ್ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಚಿಮ್ಮುವುದೇ ನಿಲ್ಲುತ್ತದೆ, ಚಕ್ರಗಳೇ ಇಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಆರದೆ ಇರಲು ಡೀಸೆಲ್ ಸುಡಲೇಬೇಕು. ಅಂದ್ರೆ ಅಪಾಯವೂ ಜಾಸ್ತಿ, ಖರ್ಚೂ ಜಾಸ್ತಿ. ಇಂಜಿನ್ನನ್ನೇ ಆಫ್ ಮಾಡಿ ಇಳಿಸುವವರ ವಿಷಯ ಮಾತಾಡುವುದೇ ಬೇಡ. ಸ್ಟೇರಿಂಗ್ ಕಲ್ಲಾಗುತ್ತದೆ, ಕಂಪ್ರೆಸರೂ ನಿಲ್ಲುತ್ತದೆ.

ನಿಜವಾಗಿ ಡೀಸೆಲ್ ಉಳಿಯುವುದು ಟೈರಿನ ಗಾಳಿ ಸರಿ ಇಟ್ಟುಕೊಂಡಾಗ, ಇಂಜಿನ್ ತಿರುಗುವ ವೇಗ ತೋರಿಸುವ ಟ್ಯಾಕೋಮೀಟರಿನ ಹಸಿರು ಪಟ್ಟಿಯಲ್ಲಿ ಗೇರ್ ಬದಲಿಸಿದಾಗ, ಮುಂದಿನ ಸಿಗ್ನಲ್ ಕೆಂಪಾಗಿದೆ ಅಂತ ದೂರದಲ್ಲೇ ಕಂಡು ಕಾಲು ತೆಗೆದಾಗ.

ಡೀಸೆಲ್_ಉಳಿಕೆ
ನಮ್ಮದು ಹಳೇ ಪಂಪಿನ ಗಾಡಿ.

ಹಳೇ_ಲಾರಿ
ಹಳೇ ಪಂಪಿನಲ್ಲೂ ಗೇರಿನಲ್ಲಿದ್ದು ಕಾಲು ತೆಗೆದರೆ ಪಂಪಿನಲ್ಲಿ ಡೀಸೆಲ್ ಅಳತೆ ನೋಡಿಕೊಳ್ಳುವ ಗವರ್ನರ್ ಡೀಸೆಲ್ ಕಟ್ ಮಾಡುತ್ತದೆ. ಬ್ರೇಕಂತೂ ಹಳೆಯದೇ ಅಲ್ವಾ? ಹೊಸ ಹುಡುಗನ ಎದುರಿಗೆ ಈ ವಾದ ಬೇಡ.

ಹೊಸ_ಸ್ಟೇರಿಂಗ್
ಈಗ ಆಟೋಮ್ಯಾಟಿಕ್ ಗೇರಿನ ಲಾರಿ ಜಾಸ್ತಿ ಬರುತ್ತಿವೆಯಂತೆ. ನೇರ ಅದರಲ್ಲೇ ಕಲಿಯಬಹುದಾ?

ಗೇರ್_ಬಾಕ್ಸ್
ಕಲಿಯಬಹುದು. ಆದರೆ ಅಮೆರಿಕದಂಥ ಕಡೆ ಆಟೋಮ್ಯಾಟಿಕ್‌ನಲ್ಲಿ ಪರೀಕ್ಷೆ ಕೊಟ್ಟರೆ ಲೈಸನ್ಸಿನ ಮೇಲೆ ಹಾಗಂತ ಷರತ್ತು ಬೀಳುತ್ತದೆ, ಮ್ಯಾನುಯಲ್ ಓಡಿಸುವಂತಿಲ್ಲ. ಮೊದಲ ಕೆಲಸದಲ್ಲಿ ಯಾವ ಗಾಡಿ ಕೊಡುತ್ತಾರೋ ಗೊತ್ತಿಲ್ಲ. ಹೊಸಬರ ಕೈಗೆ ಹೊಸ ಗಾಡಿ ಬರುವುದು ಅಪರೂಪ. ಮ್ಯಾನುಯಲ್ ಕಲಿತಿರಿ. ಆಟೋಮ್ಯಾಟಿಕ್‌ಗೆ ಹೋಗುವುದು ಒಂದು ಮಧ್ಯಾಹ್ನದ ಕೆಲಸ, ಅಲ್ಲಿಂದ ಇಲ್ಲಿಗೆ ಬರುವುದು ಕಷ್ಟ.

ಇನ್ನೊಂದು. ಈಗಿನ ಗಾಡಿಯಲ್ಲಿ ಎರಡು ಟ್ಯಾಂಕ್ ಇರುತ್ತವೆ. ಒಂದು ಡೀಸೆಲ್‌ಗೆ, ಇನ್ನೊಂದು ನೀಲಿ ಮುಚ್ಚಳದ್ದು ಯೂರಿಯಾ ದ್ರಾವಣಕ್ಕೆ. ಹೊಗೆ ಶುದ್ಧ ಮಾಡಲು 32.5 ಶೇಕಡಾ ಯೂರಿಯಾ ಇರುವ ನೀರು ಅದು. ಡೀಸೆಲ್ ಟ್ಯಾಂಕಿಗೆ ಅದನ್ನು ಸುರಿದರೆ ಪಂಪು, ಇಂಜೆಕ್ಟರು ಎಲ್ಲಾ ಹಾಳು. ಸುರಿದದ್ದು ಗೊತ್ತಾದರೆ ಕೀ ತಿರುಗಿಸಲೇಬೇಡಿ, ಫೋನ್ ಮಾಡಿ.

ಟ್ರೈಲರ್_ಬಾಲ
ರಿವರ್ಸ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಒಂದೇ ಚಾಸಿಯ ಲಾರಿ ಹಿಂದಕ್ಕೆ ಹೋಗುವುದು ಕಾರಿನ ಹಾಗೇ. ಟ್ರೈಲರ್ ಹಾಗಲ್ಲ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೈಲರಿನ ಬಾಲ ಎಡಕ್ಕೆ ಹೋಗುತ್ತದೆ. ತಲೆ ಕೆಡುತ್ತದೆ. ಕಲಿಸುವವರು ಒಂದು ಉಪಾಯ ಹೇಳುತ್ತಾರೆ: ಕೈಯನ್ನು ಸ್ಟೇರಿಂಗಿನ ತಳಭಾಗದಲ್ಲಿ ಇಟ್ಟುಕೊಳ್ಳಿ. ಬಾಲ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿ. ಸ್ವಲ್ಪವೇ ಸರಿಸಿ, ಕಾದು ನೋಡಿ. ಟ್ರೈಲರ್ ತಡವಾಗಿ ಉತ್ತರ ಕೊಡುತ್ತದೆ. ಉತ್ತರ ಬರಲಿಲ್ಲ ಅಂತ ಇನ್ನಷ್ಟು ತಿರುಗಿಸಿದರೆ ಆಮೇಲೆ ಎಲ್ಲಾ ಒಟ್ಟಿಗೇ ಬಂದು ಮಡಚಿಕೊಳ್ಳುತ್ತದೆ. ಮಡಚಲು ಶುರುವಾದರೆ ಹಟ ಬೇಡ. ಮುಂದಕ್ಕೆ ಎಳೆದು ನೇರ ಮಾಡಿ ಮತ್ತೆ ಶುರು ಮಾಡಿ. ನುರಿತವರೂ ಮುಂದಕ್ಕೆ ಎಳೆಯುತ್ತಾರೆ, ಅದರಲ್ಲಿ ಅವಮಾನ ಇಲ್ಲ.

ಕಾಣದಿದ್ದರೆ ಇಳಿದು ಹೋಗಿ ನೋಡಿ. ಹಿಂದೆ ಮಾತ್ರ ಅಲ್ಲ, ಮೇಲೂ ನೋಡಿ. ತಗ್ಗು ಚಾವಣಿ, ಕೊಂಬೆ, ವೈರು ಕನ್ನಡಿಯಲ್ಲಿ ಕಾಣುವುದಿಲ್ಲ. ಹಿಂದೆ ನಿಂತು ಬರಲಿ ಬರಲಿ ಅನ್ನುವವರನ್ನು ಪೂರ್ತಿ ನಂಬಬೇಡಿ. ಅವರು ಕನ್ನಡಿಯಿಂದ ಮರೆಯಾದ ಕ್ಷಣ ಗಾಡಿ ನಿಲ್ಲಿಸಿ. ಗುದ್ದಿದರೆ ಕೇಳುವುದು ಡ್ರೈವರನ್ನೇ.

ಟ್ರೈಲರ್ ಜೋಡಿಸುವುದನ್ನೂ ಹೇಳಿಬಿಡುತ್ತೇನೆ. ಹಿಂದಕ್ಕೆ ಹೋಗಿ ಟಕ್ ಅಂತ ಸದ್ದು ಬಂದರೆ ಸಾಲದು. ಟ್ರೈಲರಿನ ಬ್ರೇಕ್ ಹಿಡಿದಿರುವಾಗಲೇ ಸಣ್ಣ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಎಳೆದು ನೋಡಬೇಕು. ಆಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ಟಾರ್ಚ್ ಹಿಡಿದು ಕೆಳಗೆ ಬಗ್ಗಿ, ಟ್ರೈಲರಿನ ತಳದ ಪಿನ್ನಿನ ಸುತ್ತ ಲಾರಿಯ ಕೊಂಡಿಯ ದವಡೆ ಮುಚ್ಚಿದೆಯಾ, ಲಾರಿಯ ತಟ್ಟೆಗೂ ಟ್ರೈಲರಿನ ತಟ್ಟೆಗೂ ನಡುವೆ ಸಂದು ಇಲ್ಲವಾ ಅಂತ ಕಣ್ಣಾರೆ ನೋಡಬೇಕು. ಸಂದಿನಲ್ಲಿ ಬೆಳಕು ಕಂಡರೆ ಪಿನ್ ಮೇಲೆ ಕೂತಿದೆ ಅಂತ ಅರ್ಥ. ಅಷ್ಟಾದ ಮೇಲೆ ಟ್ರೈಲರನ್ನು ಆನಿಸಿ ನಿಲ್ಲಿಸಿರುವ ಮುಂದಿನ ಕಾಲು ಎತ್ತಿ. ಏರ್ ಪೈಪ್ ಜೋಡಿಸಲು ಇಳಿಯುವಾಗ ಕ್ಯಾಬಿನ್ನಿನ ಹ್ಯಾಂಡ್‌ಬ್ರೇಕ್ ಹಾಕಿದೆಯಾ, ಟ್ರೈಲರಿನದೂ ಹಾಕಿದೆಯಾ, ಪ್ರತಿ ಸಲವೂ ನೋಡಿ. ಕೆಂಪು ಪೈಪ್ ಹಾಕಿದ ಕೂಡಲೇ ಗಾಳಿ ಟ್ರೈಲರಿಗೆ ಹೋಗಿ ಅದರ ಬ್ರೇಕ್ ಬಿಡಬಹುದು. ನೆಲ ಸ್ವಲ್ಪ ವಾಟ ಇದ್ದರೆ ಇಡೀ ಗಾಡಿ ಉರುಳುತ್ತದೆ, ನೀವು ಎರಡರ ನಡುವೆ ನಿಂತಿರುತ್ತೀರಿ. ಡ್ರೈವರುಗಳು ಸತ್ತಿರುವುದು ಹೀಗೆ.

ಹಿಂದಿನ_ಚಕ್ರ
ಹೊಸ ಸ್ಟೇರಿಂಗ್ ಅವರೇ, ಇದ್ದೀರಾ ಓಡಿಹೋದಿರಾ?

ಹೊಸ_ಸ್ಟೇರಿಂಗ್
ಇದ್ದೀನಿ. ಬರೆದುಕೊಳ್ಳುತ್ತಿದ್ದೀನಿ.

ಕಿಟಕಿ_ಸೀಟು
ನಡುವೆ ಒಂದು ಪ್ರಶ್ನೆ. ನಾನು ಹೆಣ್ಣು. ಈ ಕೆಲಸಕ್ಕೆ ಮೈಬಲ ಎಷ್ಟು ಬೇಕು? ರಾತ್ರಿ ಓಡಿಸುವುದು, ನಿದ್ದೆ, ಇವೆಲ್ಲ ಹೇಗೆ?

ರಾತ್ರಿ_ಪಾಳಿ
ನಾನೂ ಹೆಣ್ಣು, ಓಡಿಸುವುದು ರಾತ್ರಿಯೇ ಜಾಸ್ತಿ. ಪವರ್ ಸ್ಟೇರಿಂಗ್ ಬಂದ ಮೇಲೆ ಓಡಿಸಲು ಬಲ ಬೇಡ. ಲೋಡು ಕಟ್ಟಲು, ಟೈರು ಬದಲಿಸಲು ಬಲ ಬೇಕು, ಅದರಲ್ಲೂ ಉದ್ದದ ಲಿವರ್ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ನಿಜವಾದ ತೊಂದರೆ ಬೇರೆ. ಶೌಚಾಲಯ, ಬೆಳಕಿರುವ ಪಾರ್ಕಿಂಗ್. ಹೊರಡುವ ಮೊದಲೇ ಎಲ್ಲಿ ನಿಲ್ಲುತ್ತೀನಿ ಅಂತ ಗೊತ್ತುಮಾಡಿಕೊಳ್ಳಿ, ಅದು ತುಂಬಿದ್ದರೆ ಇನ್ನೊಂದು ಯಾವುದು ಅಂತಲೂ. ಕೆಲಸ ಕೇಳುವಾಗ ಇದನ್ನು ನಾಚಿಕೊಳ್ಳದೆ ಕೇಳಿ. ಉತ್ತರ ಕೊಡಲು ತಡವರಿಸುವ ಕಡೆ ಹೋಗಬೇಡಿ.

ನಿದ್ದೆ. 1997ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 17 ಗಂಟೆ ಎಚ್ಚರ ಇದ್ದವರ ಕೈಕಣ್ಣಿನ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. ಬೆಳಿಗ್ಗೆ ಆರಕ್ಕೆ ಎದ್ದು ಮನೆ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಗಾಡಿ ಹತ್ತಿದರೆ ಹನ್ನೊಂದಕ್ಕೆ ಆ ಲೆಕ್ಕ ಮುಟ್ಟುತ್ತದೆ. ರಾತ್ರಿ ಎರಡರಿಂದ ಬೆಳಿಗ್ಗೆ ಆರರ ತನಕ ಮೈಗೆ ನಿದ್ದೆಯ ಹೊತ್ತು, ಎಷ್ಟು ಅಭ್ಯಾಸ ಇದ್ದರೂ ಅಷ್ಟೇ. ಕಿಟಕಿ ತೆಗೆಯುವುದು, ಹಾಡು ಜೋರು ಮಾಡುವುದು ಕೆಲವು ನಿಮಿಷದ ಆಟ. ಕಳೆದ ಎರಡು ಕಿಲೋಮೀಟರ್ ದಾರಿ ನೆನಪಿಲ್ಲ ಅಂದ್ರೆ ನೀವು ಆಗಲೇ ನಿದ್ದೆ ಮಾಡುತ್ತಿದ್ದಿರಿ. ನಿಲ್ಲಿಸಿ, 20 ನಿಮಿಷ ಮಲಗಿ. ಎದ್ದ ಮೇಲೆ ಸ್ವಲ್ಪ ಓಡಾಡಿ, ತಲೆ ತಿಳಿಯಾದ ಮೇಲೆ ಹೊರಡಿ. ಇದು ತಾತ್ಕಾಲಿಕ ಅಷ್ಟೇ, ರಾತ್ರಿಯ ನಿದ್ದೆಗೆ ಬದಲಿ ಅಲ್ಲ.

ಕಾಯ್ದೆ_ಪುಸ್ತಕ
ಇದಕ್ಕೆ ಕಾನೂನೂ ಇದೆ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ, ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ಅಮೆರಿಕದಲ್ಲಿ 14 ಗಂಟೆಯ ಪಾಳಿಯೊಳಗೆ 11 ಗಂಟೆ ಓಡಿಸಬಹುದು, ಪಾಳಿಗೆ ಮುಂಚೆ 10 ಗಂಟೆ ಬಿಡುವು ಆಗಿರಬೇಕು. ಭಾರತದಲ್ಲಿ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಯಾಗುವ ತನಕ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಅನ್ನುತ್ತಿತ್ತು. ಕಾಗದದಲ್ಲಿ.

ಗೇರ್_ಬಾಕ್ಸ್
ಕಾಗದದಲ್ಲಿ ಅಂತ ಸೇರಿಸಿದ್ದು ಒಳ್ಳೆಯದಾಯಿತು.

ಲೋಡಿಂಗ್_ಬೇ
ನಾನು ಡ್ರೈವರ್ ಅಲ್ಲ, ಗಾಡಿ ಕಳಿಸುವ ಆಫೀಸಿನ ಕಡೆಯವನು. ಆ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಲೋಡು ಕಟ್ಟುವುದು ಹಮಾಲರ ಕೆಲಸ ಅಂತ ಹೊಸಬರು ಕ್ಯಾಬಿನ್ನಿನಲ್ಲಿ ಕೂತು ಫೋನ್ ನೋಡುತ್ತಾರೆ. ಲೋಡು ಜಾರಿದರೆ ಹೊಣೆ ನಿಮ್ಮದೇ. ಭಾರ ಹಿಂದೆ ಬಿದ್ದರೆ ಮುಂದಿನ ಚಕ್ರ ಹಗುರವಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಒಂದು ಬದಿಗೆ ಬಿದ್ದರೆ ತಿರುವಿನಲ್ಲಿ ಮಗುಚುತ್ತದೆ. ಒಟ್ಟು ತೂಕ ಸರಿ ಇದ್ದೂ ಒಂದೇ ಆಕ್ಸಲ್ (ಎರಡು ಬದಿಯ ಚಕ್ರ ಸೇರಿಸುವ ಅಚ್ಚು) ಮೇಲೆ ಜಾಸ್ತಿ ಬಿದ್ದರೆ ತೂಕದ ಕಟ್ಟೆಯಲ್ಲಿ ದಂಡ. ಹೊರಟ ಮೇಲೆ ಮೊದಲ 80 ಕಿ.ಮೀ. ಒಳಗೆ ಒಮ್ಮೆ ನಿಲ್ಲಿಸಿ ಬೆಲ್ಟು, ಹಗ್ಗ ನೋಡಬೇಕು ಅಂತ ಅಮೆರಿಕದಲ್ಲಿ ನಿಯಮವೇ ಇದೆ. ಯಾಕೆ ಅಂದ್ರೆ ಗಾಡಿ ಕುಲುಕಿ ಲೋಡು ಕೂತಮೇಲೆ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ. ನಿಯಮ ಇಲ್ಲದ ಕಡೆಯೂ ಮಾಡಿ.

ಹೊಸಬರಲ್ಲಿ ನಾವು ಏನು ನೋಡುತ್ತೇವೆ? ವೇಗ ಅಲ್ಲ. ತಡವಾಗುತ್ತದೆ ಅಂತ ಗೊತ್ತಾದ ಕೂಡಲೇ ಫೋನ್ ಮಾಡುವವರನ್ನು ಉಳಿಸಿಕೊಳ್ಳುತ್ತೇವೆ. ಅರ್ಧ ಗಂಟೆಯಲ್ಲಿ ಬಂದೆ ಅಂತ ಮೂರು ಗಂಟೆ ಹೇಳುವವರು ಹೇಗೋ ಓಡಿಸಲು ಹೋಗಿ ಏನಾದರೂ ಮಾಡಿಕೊಳ್ಳುತ್ತಾರೆ.

ಹೊಸ_ಸ್ಟೇರಿಂಗ್
ಹಾಗಿದ್ದರೆ ಕೆಲಸ ಕೊಡುವವರನ್ನು ನಾನು ಏನು ಕೇಳಬೇಕು?

ಲೋಡಿಂಗ್_ಬೇ
ನಾನು ಈ ಕಡೆ ಕೂತು ಹೇಳಬಾರದು, ಆದರೂ ಹೇಳುತ್ತೇನೆ. ಸಂಬಳ ತಿಂಗಳಿಗಾ, ಟ್ರಿಪ್ಪಿಗಾ, ಕಿಲೋಮೀಟರಿಗಾ? ಟ್ರಿಪ್ ಲೆಕ್ಕ ಆದರೆ ಲೋಡಿಂಗಿಗೆ ಕಾದ ಹೊತ್ತಿಗೆ ದುಡ್ಡು ಇದೆಯಾ? ಓವರ್‌ಲೋಡಿನ ದಂಡ ಯಾರು ಕಟ್ಟುತ್ತಾರೆ? ಟೈರು ಒಡೆದರೆ, ಮಾಲು ಕಮ್ಮಿ ಬಂದರೆ ಸಂಬಳದಲ್ಲಿ ಹಿಡಿಯುತ್ತಾರಾ? ಮೊದಲ ಕೆಲವು ವಾರ ಅನುಭವ ಇರುವವರ ಜೊತೆ ಕಳಿಸುತ್ತಾರಾ, ಇಲ್ಲ ಮೊದಲ ದಿನವೇ ಕೀ ಕೊಡುತ್ತಾರಾ? ಕೊನೆಯ ಪ್ರಶ್ನೆಗೆ ಕೀ ಕೊಡುತ್ತೇವೆ ಅಂದರೆ ಅದು ನಿಮ್ಮ ಮೇಲಿನ ನಂಬಿಕೆ ಅಂತ ಹಿಗ್ಗಬೇಡಿ. ಅವರ ಹಿಂದಿನ ಡ್ರೈವರ್ ಯಾಕೆ ಬಿಟ್ಟ ಅಂತ ವಿಚಾರಿಸಿ.

ಉಚಿತ ತರಬೇತಿ ಕೊಟ್ಟು ಇಷ್ಟು ವರ್ಷ ಇಲ್ಲೇ ದುಡಿಯಬೇಕು ಅಂತ ಬರೆಸಿಕೊಳ್ಳುವವರೂ ಇದ್ದಾರೆ. ಅದು ಕೆಟ್ಟದ್ದೇ ಅಂತಲ್ಲ. ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು, ಆ ಮೊತ್ತ ತಿಂಗಳು ಕಳೆದಂತೆ ಇಳಿಯುತ್ತದಾ ಅಂತ ಓದಿ ಸಹಿ ಹಾಕಿ. ಒರಿಜಿನಲ್ ಲೈಸನ್ಸ್, ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಎದ್ದು ಬನ್ನಿ.

ಡೀಸೆಲ್_ಉಳಿಕೆ
ಬೇರೆಯವರ ಕೈಕೆಳಗೆ ಯಾಕೆ? ಸಾಲ ಮಾಡಿ ಸ್ವಂತ ಗಾಡಿ ಹಾಕಿಬಿಡಿ.

ಹಳೇ_ಲಾರಿ
ಮೊದಲ ವರ್ಷ ಬೇಡವೇ ಬೇಡ. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ. ಕಂತಿನ ತಾರೀಖು ತಲೆಯಲ್ಲಿ ಕೂತವನು ನಿದ್ದೆ ಬಂದರೂ ಓಡಿಸುತ್ತಾನೆ, ಸವೆದ ಟೈರಿನಲ್ಲೂ ಓಡಿಸುತ್ತಾನೆ. ಬೇರೆಯವರ ಗಾಡಿಯಲ್ಲಿ ಡೀಸೆಲ್, ಟೈರು, ರಿಪೇರಿ, ಖಾಲಿ ವಾಪಸ್ ಬರುವ ಕಿಲೋಮೀಟರ್, ಎಲ್ಲದರ ಲೆಕ್ಕ ಬರೆದು ನೋಡಿ. ಲೆಕ್ಕ ಕಣ್ಣಿಗೆ ಕಟ್ಟಿದ ಮೇಲೆ ಸ್ವಂತದ ಮಾತು.

ಟ್ಯಾಂಕರ್_ಮಂದಿ
ಇನ್ನೊಂದು ಎಚ್ಚರಿಕೆ. ಸಂಬಳ ಜಾಸ್ತಿ ಅಂತ ಮೊದಲೇ ಟ್ಯಾಂಕರಿಗೆ ಬರಬೇಡಿ. ಅರ್ಧ ತುಂಬಿದ ಟ್ಯಾಂಕಿನಲ್ಲಿ ದ್ರವ ಹಿಂದೆ ಮುಂದೆ ಅಲೆಯಾಗಿ ಹೊಡೆಯುತ್ತದೆ. ಬ್ರೇಕ್ ಹಾಕಿ ನಿಂತ ಮೇಲೂ ಹಿಂದಿನಿಂದ ಅಲೆ ಬಂದು ಗಾಡಿಯನ್ನು ಮುಂದಕ್ಕೆ ದೂಡುತ್ತದೆ. ಅಲೆ ಒಡೆಯಲು ಒಳಗೆ ತೂತಿನ ತಡೆಗಳಿರುತ್ತವೆ, ಆದರೆ ಹಾಲಿನಂಥ ತಿನ್ನುವ ಕುಡಿಯುವ ದ್ರವದ ಟ್ಯಾಂಕುಗಳಲ್ಲಿ ತೊಳೆಯಲು ಸುಲಭವಾಗಲಿ ಅಂತ ಎಷ್ಟೋ ಸಲ ತಡೆ ಇರುವುದೇ ಇಲ್ಲ. ಟಿಪ್ಪರೂ ಹಾಗೇ, ಸುಲಭ ಅಂದುಕೊಳ್ಳುತ್ತಾರೆ. ವಾಟದ ನೆಲದಲ್ಲಿ ಬಾಡಿ ಎತ್ತಿದರೆ ಮಗುಚುತ್ತದೆ, ಎತ್ತಿಕೊಂಡೇ ಹೊರಟರೆ ಕರೆಂಟಿನ ತಂತಿ. ಮುಚ್ಚಿದ ಬಾಡಿಯ ಸಾಮಾನ್ಯ ಸರಕು ಹೊಸಬರಿಗೆ ಒಳ್ಳೆಯದು.

ಹೊಸ_ಸ್ಟೇರಿಂಗ್
ನನ್ನ ಯೋಜನೆ ಹೀಗೆ: ಮೊದಲು ಕಣ್ಣಿನ ತಪಾಸಣೆ. ಆಮೇಲೆ ಪಕ್ಕದ ಸೀಟಿನ ಟ್ರಿಪ್. ಅದಾದ ಮೇಲೂ ಮನಸ್ಸಿದ್ದರೆ ಶಾಲೆ, ಲೈಸನ್ಸ್, ಸಣ್ಣ ಗಾಡಿ. ಪರಿಚಯದವರ ಕಡೆಯಿಂದ ಒಬ್ಬ ಹಿರಿಯ ಡ್ರೈವರ್ ಕರೆದುಕೊಂಡು ಹೋಗಲು ಒಪ್ಪಿದ್ದಾರೆ. ಆ ಟ್ರಿಪ್ಪಿನಲ್ಲಿ ಏನು ಗಮನಿಸಲಿ?

ಹಳೇ_ಲಾರಿ
ಅವರು ಹೊರಡುವ ಮೊದಲು ಗಾಡಿ ಸುತ್ತುವುದನ್ನು ನೋಡಿ. ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕಿದೆಯಾ ಅಂತ ಬಗ್ಗಿ ನೋಡುತ್ತಾರಾ? ನಟ್ಟಿನ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ನಟ್ಟು ಸಡಿಲವಾಗಿದೆ ಅಂತ ಅನುಮಾನಿಸಬೇಕು, ಅದನ್ನು ಅವರು ನೋಡುತ್ತಾರಾ? ಇಂಜಿನ್ ಆಫ್ ಮಾಡಿ ಗಾಳಿ ಸೋರುವ ಸದ್ದಿಗೆ ಕಿವಿ ಕೊಡುತ್ತಾರಾ? ಹತ್ತುವಾಗ ಇಳಿಯುವಾಗ ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ, ಯಾವಾಗಲೂ ಗಾಡಿಗೆ ತಾಗಿರುತ್ತದಾ, ಇಲ್ಲ ಧುಮುಕುತ್ತಾರಾ? ಧುಮುಕುವವರ ಮಂಡಿ ಬೇಗ ಹೋಗುತ್ತದೆ. ಓಡಿಸುವಾಗ ಕನ್ನಡಿ ಎಷ್ಟು ಸಲ ನೋಡುತ್ತಾರೆ ಅಂತ ನೋಡಿ. ಇದೆಲ್ಲ ಮಾಡುವವರಾದರೆ ಅವರನ್ನೇ ಗುರು ಮಾಡಿಕೊಳ್ಳಿ. ಮಾಡದಿದ್ದರೆ ಟ್ರಿಪ್ ಮುಗಿಸಿ ಥ್ಯಾಂಕ್ಸ್ ಹೇಳಿ ಬನ್ನಿ.

ರಾತ್ರಿ_ಪಾಳಿ
ಟಾರ್ಚ್, ಕೈಗವಸು, ಹಿಡಿತ ಇರುವ ಶೂ, ತೆಳ್ಳಗಿನ ಹೊದಿಕೆ ತೆಗೆದುಕೊಂಡು ಹೋಗಿ. ಅವರು ರಿವರ್ಸ್ ಹಾಕುವಾಗ ಮಾತಾಡಿಸಬೇಡಿ.

ಹಿಂದಿನ_ಚಕ್ರ
ಫೋನ್ ಚಾರ್ಜರ್ 24 ವೋಲ್ಟಿಗೆ ಆಗುತ್ತದಾ ನೋಡಿಕೊಂಡು ಹೋಗಿ ಸರ್. ಕಾರಿನದು 12, ಲಾರಿ ಬಹಳ ಕಡೆ 24. ಸುಟ್ಟುಕೊಂಡರೆ ಇಲ್ಲಿ ಬಂದು ಬೈಯಬೇಡಿ.